ಸೊಪ್ಪಿನ ಬೆಟ್ಟಕ್ಕೆ ಬೆಂಕಿ ಬೀಳದ ಹಾಗೆ

ಉತ್ತರ ಕನ್ನಡದ ಸಿದ್ದಾಪುರದ ಕಡೆ ನಮ್ಮದು ಒಂದೆಕರೆ ಅಡಿಕೆ ತೋಟ, ಅದರ ಬೆನ್ನಿಗೆ ಆರೆಕರೆ ಸೊಪ್ಪಿನ ಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ಕೊಡುವ ಕಾಡು. ಜಾಗ ಸರ್ಕಾರದ್ದು, ಸೊಪ್ಪು, ದರಕು (ಉದುರಿದ ಒಣ ಎಲೆ) ತರುವ ಹಕ್ಕು ನಮ್ಮದು. ಕಾಯುವ ಕೆಲಸವೂ ನಮ್ಮದೇ ಅನ್ನಿ.

ಅಜ್ಜಿಯ ಕಾಲದಲ್ಲಿ ಬೆಂಕಿಯ ಭಯ ಇಷ್ಟಿರಲಿಲ್ಲ. ಕೊಟ್ಟಿಗೆ ತುಂಬ ದನ. ಅವುಗಳ ಕಾಲಡಿಗೆ ಹಾಸಲು ದಿನಾ ದರಕು ಬೇಕು. ಹಾಗಾಗಿ ಬೆಟ್ಟ ಯಾವಾಗಲೂ ಗುಡಿಸಿಯೇ ಇರುತ್ತಿತ್ತು. ಈಗ ಉಳಿದಿರುವುದು ಎರಡು ದನ. ದರಕು ಪಾದ ಮುಳುಗುವಷ್ಟು ಬಿದ್ದಿರುತ್ತದೆ. 2023ರ ಹಾಗೆ ಮಳೆ ಕೈಕೊಟ್ಟರೆ ಜನವರಿಗೇ ಅದು ಹಪ್ಪಳ.

ಮೊದಲ ಕೆಲಸ ಬೆಂಕಿಗೆರೆ. ಡಿಸೆಂಬರಿನಲ್ಲಿ ಗಡಿಯುದ್ದಕ್ಕೂ ಹತ್ತಡಿ ಅಗಲ ಕರಡ (ಬೆಟ್ಟದ ಹುಲ್ಲು), ಯುಪಟೋರಿಯಂ ಕಳೆ ಸವರಿ ಮಣ್ಣು ಕಾಣುವ ಹಾಗೆ ಗುಡಿಸಿ. ರಸ್ತೆ ಬದಿಗೆ ಇನ್ನೂ ಅಗಲ ಇರಲಿ, ಬೀಡಿ ಎಸೆಯುವವರು ಅಲ್ಲೇ ಓಡಾಡುವುದು. ಗುಡಿಸಿದ ರಾಶಿಗೆ ಕಡ್ಡಿ ಗೀರಬೇಡಿ. ಅಡಿಕೆ ಬುಡಕ್ಕೆ ಮುಚ್ಚಿ.

ಒಂದು ವರ್ಷ ಹೀಗೆ ಗುಡಿಸಿ ನಿಶ್ಚಿಂತೆಯಿಂದ ಇದ್ದುಬಿಟ್ಟೆ. ಫೆಬ್ರವರಿಯಲ್ಲಿ ಮತ್ತಿ, ನಂದಿ ಮರಗಳು ಎಲೆ ಉದುರಿಸಿ ಗೆರೆಯನ್ನೇ ಮುಚ್ಚಿದವು. ಬೆಂಕಿ ಅದರ ಮೇಲೆಯೇ ನಡೆದು ಬಂತು. ಮೂರು ವರ್ಷದ ಮುರುಗಲು ಸಸಿಗಳು ಹೋದವು. ಅಂದಿನಿಂದ ಫೆಬ್ರವರಿ ಕೊನೆಗೆ ಇನ್ನೊಮ್ಮೆ ಗುಡಿಸುತ್ತೇನೆ. ಆಳು ಸಿಗುವುದಿಲ್ಲ, ಹಾಗಾಗಿ ಪಕ್ಕದ ಮನೆಯವರೂ ನಾವೂ ಸೇರಿ ಒಂದು ಬ್ಲೋವರ್ ತಂದಿದ್ದೇವೆ. ಸದ್ದು ಜಾಸ್ತಿ, ಆದರೆ ಕೆಲಸ ಬೇಗ ಮುಗಿಯುತ್ತದೆ.

ಹಾಗಂತ ಇಡೀ ಬೆಟ್ಟ ಗುಡಿಸಬೇಡಿ. ಒಳಗಿನ ದರಕು ನೆಲದ ತಂಪು ಕಾಯುತ್ತದೆ, ಅದು ಕೊಳೆತರೇ ಸಸಿಗೆ ಗೊಬ್ಬರ.

ಸೊಪ್ಪು ಕಡಿಯುವಾಗ ಮರದ ತಲೆ ಬೋಳಿಸಬೇಡಿ. ತುದಿ ಬಿಡಿ, ಈ ವರ್ಷ ಕಡಿದ ಮರಕ್ಕೆ ಮುಂದಿನ ವರ್ಷ ಕತ್ತಿ ತಾಗಿಸಬೇಡಿ. ನೆರಳು ಹೋದಲ್ಲಿ ಕರಡ ಏಳುತ್ತದೆ, ಕರಡ ಎದ್ದಲ್ಲಿ ಬೆಂಕಿ ಓಡುತ್ತದೆ. ಬೋಳಾದ ಜಾಗಕ್ಕೆ ಜೂನಿನಲ್ಲಿ ಮುರುಗಲು, ನೇರಳೆ, ಹಲಸು ನೆಡಿ. ಅಕೇಶಿಯಾ ಬೇಡವೇ ಬೇಡ, ಅದರ ದರಕು ಬೇಗ ಕೊಳೆಯುವುದಿಲ್ಲ.

ಇಷ್ಟಾದರೂ ಬೆಂಕಿ ಬಂದರೆ ಮೊದಲು 1926ಕ್ಕೆ ಫೋನ್ ಮಾಡಿ, ಅದು ಅರಣ್ಯ ಇಲಾಖೆಯ ಸಹಾಯವಾಣಿ. ಹತ್ತಿ ಬಟ್ಟೆ ಹಾಕಿ, ನೈಲಾನ್ ಮೈಗೆ ಅಂಟುತ್ತದೆ. ಬೆಂಕಿಗಿಂತ ಮೇಲೆ ಏರಿನಲ್ಲಿ ನಿಲ್ಲಲೇಬೇಡಿ, ಅದು ಮೇಲಕ್ಕೇ ಓಡುವುದು. ಸುಟ್ಟ ಕಡೆಯಿಂದ ಬಂದು, ಪಕ್ಕದಿಂದ ಹಸಿ ಟೊಂಗೆಯಲ್ಲಿ ಬಡಿಯಿರಿ.

ಆರಿದ ಮೇಲೂ ಮನೆಗೆ ಓಡಬೇಡಿ. ಟೊಳ್ಳು ಮರದೊಳಗೆ ಕೆಂಡ ಉಳಿದಿರುತ್ತದೆ. ನಾನಂತೂ ಫ್ಲಾಸ್ಕಿನಲ್ಲಿ ಕಷಾಯ ತರಿಸಿಕೊಂಡು ಬೆಳಗಿನವರೆಗೆ ಅಲ್ಲೇ ಕೂರುತ್ತೇನೆ.