ಬೂದಿ ಬೇಡ ಅಂದುಕೊಂಡಿದ್ದೆ

ಜಪಾನಿನ ಕುಂಬಾರಿಕೆಯ ಊರು ಶಿಗರಾಕಿಯಲ್ಲಿ ಮಣ್ಣಿನ ಕೆಲಸ ಕಲಿಯುವಾಗ ನಾನು ಮಾಡಿದ ಮೊದಲ ಧೂಪದ ಪಾತ್ರೆಯಲ್ಲಿ ಬೂದಿಗೆ ಜಾಗವೇ ಇರಲಿಲ್ಲ. ಜಪಾನಿನಲ್ಲಿ ಈ ಪಾತ್ರೆಗೆ ‘ಕೋರೋ’ ಅಂತಾರೆ. ಹಳೆಯ ಮಾದರಿಗೆ ಹೆಚ್ಚಾಗಿ ಮೂರು ಕಾಲು, ತೂತಿನ ಮುಚ್ಚಳ, ಒಳಗೆ ತುಂಬಾ ಬೂದಿ. ಈಗಿನ ಪುಟ್ಟ ಫ್ಲ್ಯಾಟುಗಳಲ್ಲಿ ಬೂದಿ ಚೆಲ್ಲಿದರೆ ಕಷ್ಟ ಅಲ್ವಾ? ಹಾಗಾಗಿ ಚಪ್ಪಟೆ ತಟ್ಟೆ ಮಾಡಿ, ಗುಮ್ಮಟದಂಥ ಮುಚ್ಚಳ ಇಟ್ಟೆ. ನೋಡಲು ಚೆನ್ನಾಗಿತ್ತು.

ಊದುಬತ್ತಿ ಹಚ್ಚಿ ತಟ್ಟೆಯಲ್ಲಿ ಮಲಗಿಸಿದೆ. ಸ್ವಲ್ಪ ಹೊತ್ತಿಗೇ ಆರಿಹೋಯಿತು. ಮತ್ತೆ ಹಚ್ಚಿದೆ, ಮತ್ತೆ ಆರಿತು.

ಜಪಾನಿನ ಊದುಬತ್ತಿಗೆ ನಮ್ಮದರ ಹಾಗೆ ಬಿದಿರ ಕಡ್ಡಿ ಇರುವುದಿಲ್ಲ. ಬೂದಿಯ ಮೇಲೆ ಮಲಗಿಸಿದರೆ ಕೊನೆಯವರೆಗೂ ಉರಿಯುತ್ತದೆ. ಹಗುರ ಬೂದಿಯ ನಡುವೆ ಗಾಳಿ ಇರುತ್ತದೆ, ಅದು ಕೆಂಡದ ಬಿಸಿಯನ್ನು ಎಳೆದುಕೊಳ್ಳುವುದಿಲ್ಲ. ಸುಟ್ಟ ಮಣ್ಣು ಎಳೆದುಕೊಳ್ಳುತ್ತದೆ. ನಾನು ಬೂದಿಯನ್ನು ಸುಮ್ನೆ ಅಲಂಕಾರ ಅಂದುಕೊಂಡಿದ್ದೆ.

ಆ ದಿನಗಳಲ್ಲೇ ಕನಜಾವಾದ ಮ್ಯೂಸಿಯಂನಲ್ಲಿ ನೊನೊಮುರಾ ನಿನ್ಸೇ ಎಂಬ ಕುಂಬಾರ ಮಾಡಿದ ಬಣ್ಣದ ಹಕ್ಕಿ ನೋಡಿದೆ. 17ನೇ ಶತಮಾನದ ಕೋರೋ ಅದು, ಜಪಾನಿನ ರಾಷ್ಟ್ರೀಯ ನಿಧಿ. ನಿಜವಾದ ಹಕ್ಕಿಯಷ್ಟೇ ದೊಡ್ಡದು, ಬಾಲ ನೇರವಾಗಿ ಚಾಚಿದೆ. ಅಷ್ಟುದ್ದದ ಬಾಲ ಬಾಗದ ಹಾಗೆ ಸುಡುವುದು ಎಂಥ ಕೆಲಸ ಅಂತ ಮಣ್ಣು ಮುಟ್ಟಿದವರಿಗೆ ಗೊತ್ತು. ಬೆನ್ನೇ ಮುಚ್ಚಳ, ಅದರಲ್ಲಿ ಹೊಗೆಯ ತೂತುಗಳು. ಹೊರಗೆ ಏನೇ ಆದರೂ ಒಳಗೆ ಅದೇ ಟೊಳ್ಳು, ಅದೇ ಹೊಗೆದಾರಿ. ಬಹಳ ಹೊತ್ತು ಅದರ ಮುಂದೆ ನಿಂತಿದ್ದೆ.

ವಾಪಸ್ ಬಂದು ತಿಗರಿಯ ಮೇಲೆ ಆಳವಾದ ಬಟ್ಟಲು ಎತ್ತಿದೆ, 3 ಸೆಂ.ಮೀ. ಬೂದಿ ಹಿಡಿಯುವಷ್ಟು. ಮೂರು ಕಾಲು ಉಳಿಸಿಕೊಂಡೆ, ಮೇಜಿಗೆ ಬಿಸಿ ತಾಗುವುದಿಲ್ಲ. ಹೊರಮೈಗೆ ಬಣ್ಣವಿಲ್ಲ, ಚಿತ್ರವಿಲ್ಲ. ಶಿಗರಾಕಿಯ ಒರಟು ಮಣ್ಣು ಹಾಗೇ ಕಾಣಲಿ ಅಂತ ಬಿಟ್ಟೆ. ಎಲೆಕ್ಟ್ರಿಕ್ ಆವಿಗೆಯಲ್ಲಿ 1230 ಡಿಗ್ರಿಗೆ ಸುಟ್ಟೆ.

ಜಾಸ್ತಿ ಕಾಡಿದ್ದು ಮುಚ್ಚಳದ ತೂತು. ನನ್ನ ಮಣ್ಣು ಸುಟ್ಟ ಮೇಲೆ ಸುಮಾರು 12% ಕುಗ್ಗುತ್ತದೆ, ಗ್ಲೇಜ್, ಅಂದರೆ ಸುಟ್ಟಾಗ ಗಾಜಿನಂತಾಗುವ ಲೇಪ, ಬೇರೆ ತೂತಿನ ಅಂಚಲ್ಲಿ ಕಟ್ಟಿಕೊಳ್ಳುತ್ತದೆ. ಮೂರು ಮುಚ್ಚಳ ಹಾಳಾದವು. ಈಗ 8 ಮಿ.ಮೀ. ತೂತು ಕೊರೆದು, ಬಟ್ಟಲಿನ ಕಂಠದಲ್ಲೂ ಗಾಳಿಗೊಂದು ಸೀಳು ಬಿಡುತ್ತೇನೆ. ಗ್ಲೇಜ್ ಮುಚ್ಚಳದ ಒಳಮೈಗೆ ಮಾತ್ರ. ಅದಿಲ್ಲದಿದ್ದರೆ ಹೊಗೆಯ ಜಿಡ್ಡು ಮಣ್ಣಿಗಿಳಿದು, ಎಷ್ಟು ಉಜ್ಜಿದರೂ ಹೋಗುವುದಿಲ್ಲ.

ಪಾತ್ರೆ ಕೊಂಡವರಿಗೆ ಪುಟ್ಟ ಚೀಲದಲ್ಲಿ ಬೂದಿಯನ್ನೂ ಕೊಡುತ್ತೇನೆ. ಒತ್ತಿ ತುಂಬಬೇಡಿ, ಸಡಿಲವಾಗಿರಲಿ ಅಂತ ಹೇಳಿ ಕಳಿಸುತ್ತೇನೆ.