ಗಾಡ್‌ಫಾದರ್ ಇಷ್ಟ ಆಗ್ಲಿಲ್ಲ ಅಂತ ಹೇಳೋದು ಹೇಗೆ

ಹೋದ ವರ್ಷ ಜುಲೈನಲ್ಲಿ ಮಡಿಕೇರಿ ಹತ್ರ ದೊಡ್ಡಮ್ಮನ ಮನೇಲಿದ್ದೆ, ಮೂರು ದಿನ ಮಳೆ ಬಿಡ್ಲೇ ಇಲ್ಲ, ಅಣ್ಣ ‘ದಿ ಗಾಡ್‌ಫಾದರ್’ ಹಾಕಿದ್ರು, ನ್ಯೂಯಾರ್ಕಿನ ಒಂದು ಮಾಫಿಯಾ ಮನೆತನದ ಸಿನಿಮಾ, ಯಜಮಾನ ಡಾನ್ ವಿಟೊ, ಅವನ ಮಗ ಮೈಕಲ್. ಮುಗಿದ್ಮೇಲೆ ನನ್ ಕಡೆ ತಿರುಗಿ "ಹೆಂಗಿತ್ತು?" ಅಂದ್ರು. ನಾನು "ಸೂಪರ್ ಅಣ್ಣ" ಅಂದ್ಬಿಟ್ಟೆ, ಅದು ಸುಳ್ಳು, ಆಮೇಲೆ ತುಂಬಾ ದಿನ ಮನಸ್ಸಿಗೆ ಚುಚ್ತಾ ಇತ್ತು. ನಿಮಗೂ ಹೀಗಾಗಿದ್ರೆ ಇದನ್ನ ಓದಿ.

ಮೊದ್ಲು ತಪ್ಪು ಸಿನಿಮಾದ್ದಾ ಇಲ್ಲ ನಾವು ನೋಡಿದ ರೀತೀದಾ ಅಂತ ನೋಡ್ಕೊಳ್ಳಿ. 1972ರ ಪಿಕ್ಚರ್, 175 ನಿಮಿಷ. ಕ್ಯಾಮೆರಾಮನ್ ಗಾರ್ಡನ್ ವಿಲ್ಲಿಸ್ ಬೇಕು ಅಂತಲೇ ಕತ್ತಲು ಇಟ್ಟಿದ್ದಾರೆ, ಲೈಟು ಮೇಲಿಂದ ಬೀಳುತ್ತೆ, ಡಾನ್ ಕಣ್ಣು ಎಷ್ಟೋ ಕಡೆ ಕಾಣೋದೇ ಇಲ್ಲ, ಹಾಗಾಗಿ ಹಗಲು ಹೊತ್ತು ಮೊಬೈಲಲ್ಲಿ ನೋಡಿದ್ರೆ ಕಪ್ಪು ಸ್ಕ್ರೀನ್ ನೋಡಿದಂಗೆ. ಡಾನ್ ಪಾತ್ರದ ಮಾರ್ಲನ್ ಬ್ರಾಂಡೊ ಬೇರೆ ಗೊಣಗಿದಂಗೆ ಮಾತಾಡ್ತಾರೆ, ನಮ್ಮ ಶೀಟ್ ಮನೆ ಮೇಲೆ ಮಳೆ ಹೊಡೀತಿದ್ರೆ ಒಂದಕ್ಷರ ಕೇಳಲ್ಲ. ಮಧ್ಯದಲ್ಲಿ ಕರೆಂಟ್ ಹೋಗಿ ಉಳಿದಿದ್ದನ್ನ ನಾಳೆ ನೋಡಿದ್ರಂತೂ ಯಾರು ಯಾರ ಕಡೆ ಅನ್ನೋದೇ ಮರ್ತೋಗುತ್ತೆ. ಮಳೆಗಾಲ ಮುಗೀಲಿ, ರಾತ್ರಿ ಲೈಟ್ ಆಫ್ ಮಾಡಿ, ಇಯರ್‌ಫೋನ್ ಹಾಕ್ಕೊಂಡು, ಸಬ್‌ಟೈಟಲ್ ಇಟ್ಕೊಂಡು ಇನ್ನೊಂದ್ ಸಲ ನೋಡಿ. ರೆಸ್ಟೋರೆಂಟ್ ಸೀನಲ್ಲಿ ಮೈಕಲ್ ಮತ್ತೆ ಅವನ ಶತ್ರು ಸೊಲೊಜೊ ಇಟಾಲಿಯನ್ನಲ್ಲಿ ಮಾತಾಡುವಾಗ ಸಬ್‌ಟೈಟಲ್ ಬರಲ್ಲ, ಫೈಲ್ ಹಾಳಾಗಿದೆ ಅನ್ಕೋಬೇಡಿ, ಮೂಲದಲ್ಲೇ ಹಾಗಿದೆ.

ನಾನು ನವೆಂಬರಲ್ಲಿ ಮತ್ತೆ ನೋಡ್ದೆ. ಆಗಲೂ ಇಷ್ಟ ಆಗ್ಲಿಲ್ಲ, ಆದ್ರೆ ಯಾಕೆ ಅಂತ ಗೊತ್ತಾಯ್ತು.

ಇದೇ ಮುಖ್ಯ ಕೆಲಸ, ಎಲ್ಲಿ ಮನಸ್ಸು ಹೊರಗೆ ಬಂತು ಅಂತ ಒಂದು ಹಾಳೇಲಿ ಬರ್ಕೊಳ್ಳಿ. ನಂಗೆ ಶುರುವಿನ ಮದುವೆ ತುಂಬಾ ಹಿಡಿಸ್ತು, ಹೊರಗೆ ಕುಣಿತ, ಒಳಗೆ ಕತ್ತಲೆ ರೂಮಲ್ಲಿ ಹಿರಿಯ ಕೂತು ಒಬ್ಬೊಬ್ಬರ ಅಹವಾಲು ಕೇಳೋದು, ನಮ್ಮಲ್ಲೂ ಹೊರಗೆ ವಾಲಗಕ್ಕೆ ಕುಣೀತಿರುವಾಗ ಒಳಗೆ ದೊಡ್ಡವರು ತೋಟದ ಗಡಿ ತಕರಾರು ಮಾತಾಡ್ತಿರ್ತಾರಲ್ಲ. ಅದಾದ್ಮೇಲೆ ತಣ್ಣಗಾಯ್ತು. ಒಂದು ಕಾರಣ, 1987ರ ತಮಿಳಿನ ‘ನಾಯಕನ್’, 2005ರ ಹಿಂದಿಯ ‘ಸರ್ಕಾರ್’ ಎಲ್ಲಾ ಇದರ ನೆರಳಲ್ಲೇ ಬಂದಿದ್ದು, ನಾವು ಮಕ್ಕಳನ್ನ ಮೊದ್ಲು ನೋಡಿ ಆಮೇಲೆ ಅಪ್ಪನ್ನ ನೋಡ್ತಿದೀವಿ, ಹೊಸದು ಅನ್ಸಲ್ಲ. ಇದು ಸಿನಿಮಾದ ತಪ್ಪಲ್ಲ, ಬರ್ಕೊಂಡಿದ್ರೆ ಹೊಡೆದು ಹಾಕಿ.

ಹೊಡೆದು ಹಾಕೋಕೆ ಆಗದೆ ಉಳಿಯುತ್ತಲ್ಲ, ಅದೇ ನಿಮ್ಮ ಅಭಿಪ್ರಾಯ. ನಂಗೆ ಉಳಿದಿದ್ದು ಇದು: ಈ ಮನೆತನದ ದುಡ್ಡು ಎಲ್ಲಿಂದ ಬರುತ್ತೆ, ಯಾರ ಹತ್ರ ಕಿತ್ಕೊಳ್ತಾರೆ ಅನ್ನೋದು ಕಾಣಲ್ಲ. ಸಾಯೋರು ಹೆಚ್ಚಾಗಿ ಇವರ ಥರದವ್ರೇ. ಡಾನ್ ಹತ್ರ ಬರೋ ಸಾಮಾನ್ಯ ಜನ ಎಲ್ಲಾ ಉಪಕಾರ ಕೇಳೋಕೆ ಬರ್ತಾರೆ, ಅವನಿಂದ ಹಾಳಾದ ಒಬ್ಬ ಅಂಗಡಿಯವನೂ ಬರಲ್ಲ. ಇಟಾಲಿಯನ್ ಅಮೆರಿಕನ್ ಸಂಘಟನೆಯೊಂದು ವಿರೋಧ ಮಾಡಿದ್ದಕ್ಕೆ ‘ಮಾಫಿಯಾ’ ಅನ್ನೋ ಪದಾನೇ ಸ್ಕ್ರಿಪ್ಟಿಂದ ತೆಗೆದ್ರು, ಎಲ್ಲದಕ್ಕೂ ಫ್ಯಾಮಿಲಿ ಅಂತಾರೆ. ಒಕ್ಕ (ಕೊಡವ ಮನೆತನ), ಐನ್‌ಮನೆ (ಅದರ ಮೂಲ ಮನೆ) ಅಂದ್ರೆ ಮನಸ್ಸು ಕರಗೋ ಊರಲ್ಲಿ ಬೆಳೆದವಳು ನಾನು, ಹಿರಿಯರ ಮಾತು ಮೀರಬಾರದು ಅನ್ನೋದು ನಂಗೆ ಬರೀ ಸಿನಿಮಾ ಡೈಲಾಗ್ ಅಲ್ಲ, ಆ ಮರ್ಯಾದೆನ ಕೊಲೆಗಡುಕರಿಗೆ ಇಷ್ಟು ಚೆಂದವಾಗಿ ಉಡಿಸಿದ್ದು ನೋಡಿ ನಂಗೆ ಸಂಕಟ ಆಯ್ತು.

ಹೇಳುವಾಗ "ಓವರ್‌ರೇಟೆಡ್" ಅನ್ಬೇಡಿ, ಅದರಲ್ಲಿ ಏನೂ ವಿಷಯ ಇಲ್ಲ, ಎದುರಿನವರಿಗೆ ಬರೀ ನೋವಾಗುತ್ತೆ. ಸೀನ್ ಹೆಸರು ಹೇಳಿ ಮಾತಾಡಿ. ಮೂರು ಆಸ್ಕರ್ ಬಂದಿದೆ ಅಂತ ಅವರು ಅಂದ್ರೆ ಹೌದು ಅನ್ನಿ, ಬಂದಿದೆ, ಬ್ರಾಂಡೊ ತನಗೆ ಬಂದಿದ್ದನ್ನ ತಗೊಳ್ಳಲಿಲ್ಲ ಅಷ್ಟೇ, ಆದ್ರೆ ಆಸ್ಕರ್ ವಿಷಯಕ್ಕೆ ಜಗಳ ಬೇಡ. ನಿಮಗಿಂತ ದೊಡ್ಡವರಾದ್ರೆ ಎಲ್ಲರ ಎದುರು ಬೇಡ, ಒಬ್ಬರೇ ಇರುವಾಗ ಹೇಳಿ.

ನಾನು ಪುತ್ತರಿಗೆ, ಅಂದ್ರೆ ಕೊಡಗಿನ ಸುಗ್ಗಿ ಹಬ್ಬಕ್ಕೆ, ಹೋದಾಗ ಅಣ್ಣನ ಹತ್ರ ಕಣದಲ್ಲಿ ನಿಂತ್ಕೊಂಡು ಹೇಳ್ದೆ, ಆವತ್ತು ಸುಳ್ಳು ಹೇಳಿದ್ದೆ ಅಂತಲೂ ಹೇಳ್ದೆ. ಅವರು ಸ್ವಲ್ಪ ಹೊತ್ತು ಸುಮ್ನಿದ್ದು "ಆ ಕೊನೇ ಬಾಗಿಲು ನೋಡಿದ್ಯಾ ಮತ್ತೆ?" ಅಂದ್ರು. ಮೈಕಲ್ ಹೆಂಡ್ತಿ ಕೇ ಮುಖದ ಎದುರು ಬಾಗಿಲು ಮುಚ್ಚೋ ಸೀನ್. ಈ ಮನೆತನದವ್ರು ಕೊಲೆಗಡುಕರು ಅಂತ ಸಿನಿಮಾಗೂ ಗೊತ್ತು, ಆ ಬಾಗಿಲಲ್ಲಿ ಅದನ್ನೇ ಹೇಳಿದೆ ಅನ್ನೋದು ಅವರ ವಾದ. ನಂಗೆ 175 ನಿಮಿಷಕ್ಕೆ ಒಂದು ಬಾಗಿಲು ಸಾಕಾಗಲ್ಲ ಅನ್ಸುತ್ತೆ, ಅದನ್ನೂ ಹೇಳ್ದೆ, ಅವರು ಒಪ್ಪಲಿಲ್ಲ, ಊಟಕ್ಕೆ ಕರೆದ್ರು ಹೋದ್ವಿ.

ಇನ್ನು 1974ರ ಎರಡನೇ ಭಾಗ. ಮೊದಲನೇದು ಹಿಡಿಸಿಲ್ಲ ಅಂತ ಬಿಡಬೇಡಿ, ಅದರಲ್ಲಿ ವಿಟೊ ಹುಡುಗನಾಗಿ ಸಿಸಿಲಿಯಿಂದ ನ್ಯೂಯಾರ್ಕಿಗೆ ಬರೋ ಕಥೆ ಇದೆ, ಬೀದಿ ವ್ಯಾಪಾರಿಗಳ ಹತ್ರ ದುಡ್ಡು ಕೀಳೋ ಒಬ್ಬ ದಾದಾನೂ ಬರ್ತಾನೆ, ನಾನು ಹುಡುಕ್ತಿದ್ದ ಜನ ಅಲ್ಲಿ ಸ್ವಲ್ಪ ಕಾಣ್ತಾರೆ. ಮೂರು ಗಂಟೆ ಮೇಲಿದೆ, ಇನ್ವರ್ಟರ್ ಚಾರ್ಜ್ ನೋಡ್ಕೊಂಡು ಕೂತ್ಕೊಳ್ಳಿ.