ಸಸಿಗಿಂತ ಮೊದಲು ಕಣಿ: ಅಡಿಕೆ ತೋಟಕ್ಕೆ ಆದಿಕಾಂಡದ ಸರದಿ

ಮಣ್ಣಿನ ಕೆಲಸ ಮಾಡುವವರು ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ ಮೊದಲ ಅಧ್ಯಾಯ ಓದಿದರೆ ಮೊದಲು ಕಣ್ಣಿಗೆ ಬೀಳುವುದು ಕೆಲಸದ ಸರದಿ. ದೇವರು ಮೊದಲು ಬೇರ್ಪಡಿಸುತ್ತಾನೆ: ಬೆಳಕನ್ನು ಕತ್ತಲೆಯಿಂದ, ಮೇಲಿನ ನೀರನ್ನು ಕೆಳಗಿನ ನೀರಿನಿಂದ, ಒಣನೆಲವನ್ನು ಸಮುದ್ರದಿಂದ. ಒಣನೆಲ ಕಂಡ ಮೇಲೆಯೇ ಹುಲ್ಲು, ಗಿಡ, ಮರ. ಪ್ರಾಣಿಗಳೂ ಮನುಷ್ಯನೂ ಇನ್ನೂ ಆಮೇಲೆ. ಕಾಸರಗೋಡಿನ ನಮ್ಮ ಗುಡ್ಡೆಯ ತಪ್ಪಲಲ್ಲಿ ಹೊಸ ಅಡಿಕೆ ತೋಟ ಎಬ್ಬಿಸುವಾಗ ನಾನು ಹಿಡಿದಿರುವುದು ಇದೇ ಸರದಿಯನ್ನು. ಸಸಿ ಮೊದಲು ತಂದಿಟ್ಟು, ನೀರು ಹರಿದುಹೋಗುವ ಕಣಿಯನ್ನು ಆಮೇಲೆ ನೋಡಿಕೊಳ್ಳೋಣ ಎಂದಲ್ಲಿ ತೋಟ ಬುಡದಲ್ಲೇ ಕೆಡುತ್ತದೆ.

ಬೆಳಕಿನ ಲೆಕ್ಕ ಮೊದಲು. ನೈಋತ್ಯದಿಂದ ಬೀಳುವ ಮಧ್ಯಾಹ್ನದ ಬಿಸಿಲಿಗೆ ಅಡಿಕೆ ಮರದ ಕಾಂಡ ಸುಡುತ್ತದೆ. ಹಳದಿ ಕಲೆ ಮೂಡಿ, ಕಂದಾಗಿ, ಸೀಳಿ, ಮುಂದೆ ಗಾಳಿಗೆ ಮರ ಅಲ್ಲೇ ಮುರಿಯುತ್ತದೆ. ಅದಕ್ಕೆ ಉತ್ತರ–ದಕ್ಷಿಣ ಸಾಲನ್ನು ನೈಋತ್ಯದ ಕಡೆಗೆ 35 ಡಿಗ್ರಿ ವಾಲಿಸಿ ಹಗ್ಗ ಕಟ್ಟಬೇಕು. ಗುಂಡಿಯಿಂದ ಗುಂಡಿಗೆ 2.7 ಮೀಟರ್. ಎಳೆ ಸಸಿಗೆ ನೆರಳಾಗಿ ನಡುವೆ ಬಾಳೆ.

ಹೆಚ್ಚು ಹೊತ್ತು ಕೊಡಬೇಕಾದದ್ದು ನೀರಿಗೆ. ಹೀಬ್ರೂ ಮೂಲದಲ್ಲಿ ಸೃಷ್ಟಿಯ ಎರಡನೆಯ ದಿನಕ್ಕೆ, ಅಂದರೆ ನೀರನ್ನು ಬೇರ್ಪಡಿಸಿದ ದಿನಕ್ಕೆ, 'ಒಳ್ಳೆಯದೆಂದು ಕಂಡನು' ಎಂಬ ಮಾತಿಲ್ಲ, ಮೂರನೆಯ ದಿನಕ್ಕೆ ಎರಡು ಸಲ ಬರುತ್ತದೆ. ನೀರಿನ ಕೆಲಸ ಎರಡನೆಯ ದಿನ ಮುಗಿದಿರಲಿಲ್ಲ, ಅದಕ್ಕೇ ಹೀಗೆ ಎಂದು ಯೆಹೂದಿ ವ್ಯಾಖ್ಯಾನಕಾರರು ಹೇಳುತ್ತಾರೆ. ನನಗೆ ಇದು ತುಂಬಾ ಬೆಲೆಯುಳ್ಳ ಪಾಠ. ಅರ್ಧ ತೋಡಿದ ಕಣಿಯನ್ನು ಆಯಿತು ಎನ್ನಬಾರದು. ಗುಡ್ಡೆಯಿಂದ ಇಳಿಯುವ ಮಳೆನೀರಿಗೆ ತೋಟದ ಮೇಲ್ಬದಿಯಲ್ಲೇ ಅಡ್ಡ ಕಣಿ ತೆಗೆದು ನೇರ ಹಳ್ಳಕ್ಕೆ ಬಿಡಬೇಕು. ಗುಡ್ಡೆಯೊಳಗೆ ಅಡ್ಡಲಾಗಿ ಕೊರೆದು ನೀರು ತೆಗೆಯುವ ಸುರಂಗದ ನೀರಿಗೆ ಬೇರೆಯೇ ದಾರಿ, ಬೇರೆಯೇ ಟಾಂಕಿ. ಇವೆರಡು ಸೇರಿದರೆ ಕುಡಿಯುವ ನೀರು ಕೆಸರಾಗುತ್ತದೆ. ಸಾಲಿನ ನಡುವಿನ ಕಣಿ ನೆಟ್ಟ ಗುಂಡಿಯ ತಳಕ್ಕಿಂತ ಒಂದು ಗೇಣು ಆಳವಿರಲಿ. ಇಲ್ಲವಾದರೆ ಬೇರು ನೀರಲ್ಲೇ ನಿಂತು ಸೋಗೆ ಹಳದಿಯಾಗುತ್ತದೆ. ಜೂನ್, ಜುಲೈಯಲ್ಲಿ ಬರಿಯ ಗುಂಡಿಗಳನ್ನೇ ನೋಡುತ್ತೇನೆ: ಸಂಜೆ ಸುರಿದ ಮಳೆ ಬೆಳಿಗ್ಗೆಗೆ ಇಳಿದಿರಬೇಕು. ಇಳಿಯದಿದ್ದಲ್ಲಿ ಕಣಿ ಇನ್ನೂ ಆಳ. ನೀರು ಕಟ್ಟುವ ಜಿಗುಟು ಮಣ್ಣಿನಲ್ಲಿ ಮಳೆಯ ಜೋರು ತಗ್ಗಿದ ಮೇಲೆ, ಆಗಸ್ಟ್–ಸೆಪ್ಟೆಂಬರಿನಲ್ಲಿ ಸಸಿ ನೆಡುವುದೇ ಕ್ಷೇಮ.

ತೋಟವನ್ನು ಬೇರೆ ಬೆಳೆಯಿಂದ ತುಂಬಿಸುವುದಕ್ಕೆ ಅವಸರ ಬೇಡ. ಮರ ಎತ್ತರವಾಗಿ ಕಾಂಡ ಗಟ್ಟಿಯಾದ ಮೇಲೆ ಕರಿಮೆಣಸು, ಅದೂ ಮರದ ಉತ್ತರ ಬದಿಗೆ, ಬಳ್ಳಿಗೆ ಬಿಸಿಲು ತಾಗದ ಹಾಗೆ.

'ಭೂಮಿಯನ್ನು ವಶಮಾಡಿಕೊಳ್ಳಿರಿ' ಎಂಬ ಮೊದಲ ಅಧ್ಯಾಯದ ಮಾತನ್ನು ಎರಡನೆಯ ಅಧ್ಯಾಯದ 15ನೇ ವಚನದ ಜೊತೆಗೇ ಓದಬೇಕು. ಮನುಷ್ಯನನ್ನು ಏದೆನ್ ತೋಟದಲ್ಲಿ ಇಟ್ಟದ್ದು ವ್ಯವಸಾಯ ಮಾಡುವುದಕ್ಕೆ, ಕಾಯುವುದಕ್ಕೆ. ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದನ್ನು ಕಂಡ ಜಿಲ್ಲೆ ಇದು. ಎಣ್ಮಕಜೆಯ ಕಡೆ ಅದರ ನೋವು ಇನ್ನೂ ಮನೆಗಳೊಳಗಿದೆ. ಯಾವ ಮದ್ದು ತರುವ ಮೊದಲೂ ಅದು ಇಳಿದು ಯಾರ ಸುರಂಗ ಸೇರುತ್ತದೆ ಎಂದು ಕೇಳಿಕೊಳ್ಳುವುದು ಕಾಯುವ ಕೆಲಸದ ಭಾಗವೇ. ಕಳೆನಾಶಕ ನಾನು ಬಳಸುವುದಿಲ್ಲ, ಹುಲ್ಲು ಕತ್ತಿಯಲ್ಲಿ ಸವರಿ ಬುಡಕ್ಕೇ ಹಾಕುತ್ತೇನೆ. ಮರವೊಂದಕ್ಕೆ ವರ್ಷಕ್ಕೆ 12 ಕಿಲೋ ಸೊಪ್ಪು, 12 ಕಿಲೋ ಹಟ್ಟಿಗೊಬ್ಬರ.

ಮಳೆಗಾಲದಲ್ಲಿ ಎಳೆಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ ಶೇ. 1ರ ಬೋರ್ಡೋ ದ್ರಾವಣ ಬೇಕೇ ಬೇಕು. ಒಂದು ಕಿಲೋ ಮೈಲುತುತ್ತು 50 ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಣ್ಣ ಇನ್ನೊಂದು 50 ಲೀಟರಿನಲ್ಲಿ ಕದಡಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ಸುಣ್ಣವನ್ನು ತುತ್ತಿಗಲ್ಲ. ಪಾತ್ರೆ ಪ್ಲಾಸ್ಟಿಕಿನದ್ದು. ಹೊಳೆಯುವ ಚೂರಿಯನ್ನು ಒಂದು ನಿಮಿಷ ಅದ್ದಿ ತೆಗೆದಾಗ ಅಲಗಿನ ಮೇಲೆ ಕೆಂಪು ಕೂತಿದ್ದರೆ ಸುಣ್ಣ ಸಾಲದು, ಹಾಗೇ ಬಿಟ್ಟರೆ ಎಳೆಕಾಯಿ ಸುಡುತ್ತದೆ. ದೇವರೇ ಪ್ರತಿ ಕೆಲಸವನ್ನು ನಿಂತು ನೋಡಿದ್ದಾನೆ. ಚೂರಿ ನೋಡದೆ ಪಂಪು ಶುರು ಮಾಡುವುದಕ್ಕೆ ನಾನು ಬಿಡುವುದಿಲ್ಲ. ಮೊದಲ ಮದ್ದು ಮಳೆ ಹಿಡಿಯುವ ಮುಂಚೆ, ಎರಡನೆಯದು 40–45 ದಿನಕ್ಕೆ.

ಕೂಡಿಸಿದ ಮದ್ದು ಅಂದೇ ಮುಗಿಯಬೇಕು. ಆದ್ದರಿಂದ ಶನಿವಾರ ಮಧ್ಯಾಹ್ನದ ಮೇಲೆ ಮದ್ದು ಕೂಡಿಸುವುದೇ ಇಲ್ಲ. ಆದಿಕಾಂಡದಲ್ಲಿ ದಿನ ಆರಂಭವಾಗುವುದು ಸಂಜೆಯಿಂದ. 'ಸಾಯಂಕಾಲವೂ ಪ್ರಾತಃಕಾಲವೂ' ಎಂಬುದು ಆ ಲೆಕ್ಕ. ಆದಿತ್ಯವಾರದ ವಿಶ್ರಾಂತಿ ಶನಿವಾರ ಸಂಜೆಯೇ ಸಿದ್ಧವಾಗದಿದ್ದರೆ ಸಿಗುವುದಿಲ್ಲ. ಎರಡು ಹೊತ್ತಿನ ಹುಲ್ಲು ಕೊಯ್ದು ಹಟ್ಟಿಗೆ ಹಾಕಿರಬೇಕು, ಟಾಂಕಿ ತುಂಬಿರಬೇಕು, ವಾರದ ಮಜೂರಿ ಬಾಕಿಯಿಲ್ಲದೆ ಕೈಸೇರಿರಬೇಕು. ಬೈಬಲಿನ ವಿಮೋಚನಕಾಂಡದಲ್ಲಿರುವ ವಿಶ್ರಾಂತಿ ದಿನದ ಆಜ್ಞೆಯಲ್ಲಿ ಗಂಡಾಳು, ಹೆಣ್ಣಾಳು, ದನಕರುಗಳ ಹೆಸರೂ ಇದೆ. ಯಜಮಾನ ಇಗರ್ಜಿಯಲ್ಲಿ ಕೂತು ಆಳುಗಳು ತೋಟದಲ್ಲಿ ದುಡಿದರೆ ಅದು ವಿಶ್ರಾಂತಿಯಲ್ಲ.

ಹಾಲು ಕರೆಯುವುದು ನಿಲ್ಲುವುದಿಲ್ಲ. ಅಂಗಳದಲ್ಲಿ ಒಣಹಾಕಿದ ಅಡಿಕೆಗೆ ಮಳೆ ಬಂದರೆ ಮುಚ್ಚಲೇಬೇಕು, ಸಬ್ಬತ್ ಎಂಬ ವಿಶ್ರಾಂತಿಯ ದಿನ ಬಾವಿಗೆ ಬಿದ್ದ ಎತ್ತನ್ನು ಎಳೆಯದೆ ಇರುತ್ತೀರಾ ಎಂದು ಯೇಸುವೇ ಕೇಳಿದ್ದಾನಲ್ಲ. ಟಾರ್ಪಾಲನ್ನು ಶನಿವಾರವೇ ಅಂಗಳದ ಪಡುಬದಿಗೆ ಸುರುಳಿ ಸುತ್ತಿಟ್ಟು, ಅಂಚಿಗೆ ಹಗ್ಗ ಕಟ್ಟಿಟ್ಟರೆ ಮನೆಯ ಇಬ್ಬರೇ ಎಳೆದು ಮುಚ್ಚಬಹುದು, ಆಳನ್ನು ಕರೆಯಬೇಕಾಗಿಲ್ಲ.